ಸ್ಪಷ್ಟನೆ: ಕಾಫಿ ಕುಡಿದರೆ ಅಮಲು ಇಳಿಯುವುದಿಲ್ಲ

‘ರಾತ್ರಿ ಕುಡಿದಿದ್ದರೂ ಪರವಾಗಿಲ್ಲ. ಎರಡು ಗಂಟೆ ಮಲಗಿ, ತಣ್ಣೀರು ಸ್ನಾನ ಮಾಡಿ, ಸ್ಟ್ರಾಂಗ್ ಕಾಫಿ ಕುಡಿದರೆ ಲಾರಿ ಓಡಿಸಬಹುದು. ನಿದ್ದೆ ಬಂದರೆ ಒಂದು ಮಾತ್ರೆ ಸಾಕು’ ಎಂಬ ಸಂದೇಶ ಲಾರಿ ಚಾಲಕರ ನಡುವೆ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ.

ರಕ್ತಕ್ಕೆ ಸೇರಿದ ಆಲ್ಕೋಹಾಲನ್ನು ಬಹುಪಾಲು ಕರಗಿಸುವುದು ಲಿವರ್. ಅದು ಅವಸರಕ್ಕೆ ಬಗ್ಗುವುದಿಲ್ಲ. ಸಾಮಾನ್ಯವಾಗಿ 100 ಮಿಲಿ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ, ಅಷ್ಟೇ. ರಾತ್ರಿ 12ಕ್ಕೆ 150 ಇದ್ದರೆ ಬೆಳಿಗ್ಗೆ 6ಕ್ಕೂ 60ರಷ್ಟು ಉಳಿದಿರುತ್ತದೆ. ಆ ಹೊತ್ತಿಗೇ ಅಲ್ವಾ ಬಹಳ ಜನ ಸ್ಟೇರಿಂಗ್ ಹಿಡಿಯುವುದು? ಕಾಫಿ, ತಣ್ಣೀರು ಈ ಲೆಕ್ಕವನ್ನು ಬದಲಿಸುವುದಿಲ್ಲ. ಸುಮ್ನೆ ಚುರುಕಾಗಿದ್ದೇನೆ ಎಂಬ ಭಾವನೆ ಬರುತ್ತದೆ. ಕೈಕಾಲು ಮಾತ್ರ ನಿಧಾನವಾಗಿಯೇ ಇರುತ್ತವೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಇನ್ನು ಮಾತ್ರೆ. ನಿದ್ದೆ ಬಾರದಂತೆ ನುಂಗುವ ಆಂಫೆಟಮಿನ್ ತರಹದ ಉತ್ತೇಜಕಗಳು ದಣಿವನ್ನು ಮರೆಸುತ್ತವೆ, ತೆಗೆಯುವುದಿಲ್ಲ. ಅವುಗಳ ಪ್ರಭಾವ ಇಳಿದಾಗ ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ ಸುಮಾರು 90 ಮೀಟರ್ ತಾನಾಗಿಯೇ ಓಡಿರುತ್ತದೆ.

ಚಾಲಕರನ್ನಷ್ಟೇ ಬೈಯುವುದೂ ಸರಿಯಲ್ಲ. ನಿದ್ದೆಗೆ ಬಿಡುವಿಲ್ಲದಂತೆ ಟ್ರಿಪ್ ಹೊಂದಿಸುವವರೂ ಈ ಮಾತ್ರೆಯ ಕಡೆಗೆ ಅವರನ್ನು ತಳ್ಳುತ್ತಾರೆ.