ಬ್ಯೂನಸ್ ಐರಿಸ್‌ನಲ್ಲಿ ಪಾಸ್‌ಪೋರ್ಟ್ ಕೊಡುತ್ತಿದ್ದ ಎನ್ರಿಕೊ ಕಲಾಮಾಯ್

ಎನ್ರಿಕೊ ಕಲಾಮಾಯ್ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಇಟಲಿ ಕಾನ್ಸುಲೇಟ್‌ನಲ್ಲಿ, ಅಂದರೆ ಪಾಸ್‌ಪೋರ್ಟ್‌ನಂಥ ಕೆಲಸ ನೋಡುವ ಕಚೇರಿಯಲ್ಲಿ, ಕಿರಿಯ ಅಧಿಕಾರಿಯಾಗಿದ್ದರು. 1976ರ ಮಾರ್ಚ್ 24ರಂದು ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಅದಕ್ಕೆ ಸ್ವಲ್ಪ ಮೊದಲೇ ಬ್ಯೂನಸ್ ಐರಿಸ್‌ನ ಇಟಲಿ ರಾಯಭಾರ ಕಚೇರಿಗೆ ಹೊಸ ಬಾಗಿಲು ಬಂದಿತ್ತು. ಒಂದರ ಹಿಂದೆ ಒಂದು, ಎರಡು ಬಾಗಿಲು. ಮೊದಲನೆಯದನ್ನು ದಾಟಿದವರು ಎರಡನೆಯದರ ಮುಂದೆ ನಿಲ್ಲಬೇಕು. ಒಳಗಿನವರು ತೆರೆದರೆ ಉಂಟು, ಇಲ್ಲವಾದರೆ ಬಂದ ದಾರಿಗೆ ಸುಂಕ ಇಲ್ಲ. ಜೀವ ಉಳಿಸಿಕೊಳ್ಳಲು ಓಡಿ ಬರುವ ಜನ ಒಳಗೆ ನುಗ್ಗಬಾರದು, ಅದಕ್ಕೇ ಈ ಏರ್ಪಾಟು.

ಯಾಕೆ ಇಷ್ಟು ಎಚ್ಚರಿಕೆ ಅಂದರೆ, ಇಟಲಿಯವರು ಚಿಲಿಯನ್ನು ನೋಡಿದ್ದರು. 1973ರಲ್ಲಿ ಅಲ್ಲಿ ಸೇನಾ ಮುಖ್ಯಸ್ಥ ಪಿನೊಚೆ ಅಧಿಕಾರ ಹಿಡಿದಾಗ ರಾಜಧಾನಿ ಸ್ಯಾಂಟಿಯಾಗೊದ ಇಟಲಿ ರಾಯಭಾರ ಕಚೇರಿಯ ಗೋಡೆ ಹಾರಿ ನೂರಾರು ಜನ ಒಳಗೆ ಬಂದಿದ್ದರು. ಹಾಸಿಗೆ ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇದ್ದರು. 1974ರ ನವೆಂಬರ್‌ನಲ್ಲಿ ಒಂದು ರಾತ್ರಿ ಅದೇ ಗೋಡೆಯ ಮೇಲಿಂದ ಲೂಮಿ ವಿದೆಲಾ ಎಂಬ ಯುವತಿಯ ಹೆಣವನ್ನು ತೋಟಕ್ಕೆ ಎಸೆದರು. ಚಿತ್ರಹಿಂಸೆ ಕೊಟ್ಟು ಕೊಂದವರು ಸರ್ಕಾರದ ಗುಪ್ತ ಪೊಲೀಸರು. ಮರುದಿನಗಳ ಪತ್ರಿಕೆಗಳಲ್ಲಿ ಬಂದದ್ದು ಮಾತ್ರ, ಒಳಗಿದ್ದ ನಿರಾಶ್ರಿತರೇ ಕೊಂದರು ಅಂತ. ಓದಿದರೆ ಈಗಲೂ ಮೈ ಉರಿಯುತ್ತದೆ.

ಕಲಾಮಾಯ್ ಹುಟ್ಟಿದ್ದು 1945ರಲ್ಲಿ, ರೋಮ್‌ನಲ್ಲಿ. 1972ರಲ್ಲಿ ಬ್ಯೂನಸ್ ಐರಿಸ್‌ನ ಕಾನ್ಸುಲೇಟ್‌ಗೆ ಬಂದಾಗ ಇನ್ನೂ ಸಣ್ಣ ವಯಸ್ಸು. 1974ರಲ್ಲಿ ಸ್ವಲ್ಪ ಕಾಲ ಅವರನ್ನು ಸ್ಯಾಂಟಿಯಾಗೊಗೆ ಕಳಿಸಿದರು. ಆ ತುಂಬಿದ ಕಟ್ಟಡವನ್ನು ಅವರು ಕಣ್ಣಾರೆ ಕಂಡರು. ಹಾಗಾಗಿ ಎರಡು ವರ್ಷದ ನಂತರ ಅರ್ಜೆಂಟೀನಾದಲ್ಲಿ ಏನಾಗುತ್ತಿದೆ ಅಂತ ಅವರಿಗೆ ಬೇಗ ಅರ್ಥವಾಯಿತು.

ಅರ್ಜೆಂಟೀನಾದ ಜನರಲ್‌ಗಳು ಚಿಲಿಯಿಂದ ಬೇರೆಯದೇ ಪಾಠ ಕಲಿತಿದ್ದರು. ಚಿಲಿಯಲ್ಲಿ ಮಾಡಿದಂತೆ ಸ್ಟೇಡಿಯಂನಲ್ಲಿ ಜನರನ್ನು ಕೂಡಿಹಾಕಿದರೆ ಜಗತ್ತು ನೋಡುತ್ತದೆ. ಹೆಣ ಸಿಕ್ಕರೆ ಕೇಳುವವರು ಹುಟ್ಟುತ್ತಾರೆ. ಹಾಗಾಗಿ ರಾತ್ರಿ ಮನೆಗೆ ನುಗ್ಗಿ ಎತ್ತಿಕೊಂಡು ಹೋಗುವುದು, ಆಮೇಲೆ ನಮಗೆ ಗೊತ್ತೇ ಇಲ್ಲ ಅನ್ನುವುದು. ಎಷ್ಟೋ ಜನರನ್ನು ವಿಮಾನದಿಂದ ಜೀವಂತ ಕೆಳಗೆ ತಳ್ಳಿದರು. ಕಾಣೆಯಾದವರು 30,000 ಎಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಬೀದಿಯಲ್ಲಿ ಮಾತ್ರ ಬಸ್ಸು ಓಡುತ್ತಿತ್ತು, ಹೋಟೆಲ್ಲು ತೆರೆದಿರುತ್ತಿತ್ತು. ನೋಡಲು ಮನಸ್ಸಿಲ್ಲದವರಿಗೆ ಏನೂ ಕಾಣುತ್ತಿರಲಿಲ್ಲ.

ಇಟಲಿಗೂ ನೋಡಲು ಮನಸ್ಸಿರಲಿಲ್ಲ. ಚಿಲಿಯ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಿದ ದೇಶ ಇಲ್ಲಿ ಬಾಯಿ ಮುಚ್ಚಿಕೊಂಡಿತು. ಫಿಯೆಟ್‌ನಂಥ ದೊಡ್ಡ ಕಂಪನಿಗಳ ವ್ಯವಹಾರ ಅರ್ಜೆಂಟೀನಾದಲ್ಲಿತ್ತು. ಲಿಚಿಯೊ ಜೆಲ್ಲಿ ನಡೆಸುತ್ತಿದ್ದ ಪಿ-2 ಎಂಬ ಗುಪ್ತ ಕೂಟದಲ್ಲಿ ಇಟಲಿಯ ಮಂತ್ರಿಗಳು, ಸೇನಾಧಿಕಾರಿಗಳ ಜೊತೆಗೆ ಅರ್ಜೆಂಟೀನಾದ ನೌಕಾಪಡೆ ಮುಖ್ಯಸ್ಥ ಮಸ್ಸೇರಾನ ಹೆಸರೂ ಇದ್ದದ್ದು 1981ರಲ್ಲಿ ಬಯಲಾಯಿತು. ಸೋವಿಯತ್ ಒಕ್ಕೂಟ ಅರ್ಜೆಂಟೀನಾದ ಧಾನ್ಯ ಕೊಳ್ಳುತ್ತಿತ್ತು. ಆ ಕಡೆಯಿಂದಲೂ ದನಿ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಕಾನ್ಸುಲೇಟ್‌ನ ಒಬ್ಬ ಕಿರಿಯ ಅಧಿಕಾರಿ ಏನು ಮಾಡಬಹುದು? ರಾಯಭಾರ ಕಚೇರಿಯಲ್ಲಿ ಆಶ್ರಯ ಕೊಡುವ ರೂಢಿಯಾದರೂ ಲ್ಯಾಟಿನ್ ಅಮೆರಿಕದಲ್ಲಿತ್ತು. ಕಾನ್ಸುಲೇಟ್‌ಗೆ ಅದೂ ಇಲ್ಲ. ಅಲ್ಲಿದ್ದದ್ದು ಪಾಸ್‌ಪೋರ್ಟ್ ಕೊಡುವ ಅಧಿಕಾರ. ಕಲಾಮಾಯ್ ಅದನ್ನೇ ಹಿಡಿದುಕೊಂಡರು. ಅರ್ಜೆಂಟೀನಾದಲ್ಲಿ ಇಟಲಿ ಮೂಲದವರು ಲಕ್ಷಾಂತರ ಜನ. ಅಪ್ಪ ಇಟಲಿಯವನಾದರೆ ಮಗನಿಗೂ ಪೌರತ್ವದ ಹಕ್ಕಿತ್ತು. ಮಾಮೂಲಿ ದಿನಗಳಲ್ಲಿ ತಿಂಗಳುಗಟ್ಟಲೆ ಎಳೆಯುವ ಕಾಗದಪತ್ರಗಳನ್ನು ಅವರು ತಡಮಾಡದೆ ಮುಗಿಸಿಕೊಡುತ್ತಿದ್ದರು. ಹೊರಗೆ ಹೋದರೆ ಸಿಕ್ಕಿಬೀಳುತ್ತಾರೆ ಅನಿಸಿದವರನ್ನು ಕಚೇರಿಯೊಳಗೇ ಮಲಗಿಸಿದ್ದೂ ಉಂಟು. ನೇರ ವಿಮಾನ ಹತ್ತುವುದು ಅಪಾಯ ಅನಿಸಿದರೆ ಉರುಗ್ವೆ, ಬ್ರೆಜಿಲ್ ಮೂಲಕ ದಾರಿ ಹುಡುಕುತ್ತಿದ್ದರು. ಕೆಲವೊಮ್ಮೆ ತಾವೇ ಜೊತೆಗೆ ಹೋಗುತ್ತಿದ್ದರು.

ಜೊತೆಗಿದ್ದವರು ಮುಖ್ಯವಾಗಿ ಇಬ್ಬರು. ಕಾರ್ಮಿಕ ಸಂಘದ ಫಿಲಿಪ್ಪೊ ದಿ ಬೆನೆದೆತ್ತೊ, ಪತ್ರಕರ್ತ ಜಾನ್‌ಜಾಕೊಮೊ ಫೊಅ. ಬೆದರಿಕೆ ಜಾಸ್ತಿಯಾಗಿ ಫೊಅ 1977ರಲ್ಲಿ ಬ್ರೆಜಿಲ್‌ಗೆ ಹೋಗಬೇಕಾಯಿತು. ಅದೇ ವರ್ಷ ಕಲಾಮಾಯ್ ಅವರನ್ನೂ ರೋಮ್‌ಗೆ ವಾಪಸ್ ಕರೆಸಿಕೊಂಡರು. ಅಷ್ಟರಲ್ಲಿ ಅವರ ನೆರವಿನಿಂದ ಪಾರಾದವರು 300ಕ್ಕೂ ಹೆಚ್ಚು ಎನ್ನುತ್ತಾರೆ. ಮರುವರ್ಷ ಅರ್ಜೆಂಟೀನಾದಲ್ಲಿ ಫುಟ್‌ಬಾಲ್ ವಿಶ್ವಕಪ್. ಇಟಲಿ ತಂಡ ಬ್ಯೂನಸ್ ಐರಿಸ್‌ನಲ್ಲೇ ಆಡಿ ಅರ್ಜೆಂಟೀನಾವನ್ನು 1-0ರಿಂದ ಸೋಲಿಸಿತು. ಆ ಮೈದಾನದಿಂದ ತುಸು ದೂರದಲ್ಲೇ ನೌಕಾಪಡೆಯ ಚಿತ್ರಹಿಂಸೆ ಕೇಂದ್ರವಿತ್ತು.

ಕಲಾಮಾಯ್ ಅವರನ್ನು ವೀರ ಅಂತ ಕರೆದು ಸುಮ್ನೆ ಮೇಲೆ ಕೂರಿಸುವುದು ನನಗೆ ಇಷ್ಟವಿಲ್ಲ. ಹಾಗೆ ಮಾಡಿದರೆ ಉಳಿದವರೆಲ್ಲ ಬಚಾವಾಗುತ್ತಾರೆ. ಅವರ ಸಾಧನೆ ದೊಡ್ಡದೇ. ಆದರೆ ಬಹುಪಾಲು ಕೆಲಸ ಅವರ ಹುದ್ದೆಯ ಒಳಗೇ ಇತ್ತು. ಅದೇ ಸೀಲು, ಅದೇ ಅಧಿಕಾರ ಇನ್ನೂ ಎಷ್ಟೋ ಜನರ ಮೇಜಿನ ಮೇಲಿತ್ತು ಅಲ್ವಾ? ಅವರು 'ನಮ್ಮ ಕೈಯಲ್ಲೇನಿದೆ, ಮೇಲಿನವರು ಹೇಳಿದ ಹಾಗೆ' ಅಂದುಕೊಂಡರು. ಯಾವ ಊರಿನ ಕೌಂಟರ್‌ನಲ್ಲಿ ಈ ಮಾತು ಕೇಳಿದರೂ ನನಗೆ ಬ್ಯೂನಸ್ ಐರಿಸ್ ನೆನಪಾಗುತ್ತದೆ.

ಮೆಚ್ಚುಗೆ ಬಂದದ್ದು ತಡವಾಗಿ. ಅರ್ಜೆಂಟೀನಾದಲ್ಲಿ ಇಟಲಿ ಪೌರರನ್ನು ಕೊಂದ ಪ್ರಕರಣ ರೋಮ್‌ನ ನ್ಯಾಯಾಲಯಕ್ಕೆ ಬಂದಾಗ ಕಲಾಮಾಯ್ ಸಾಕ್ಷಿ ಹೇಳಿದರು. 2000ದ ಡಿಸೆಂಬರ್‌ನಲ್ಲಿ ಜನರಲ್‌ಗಳಾದ ಸುವಾರೆಸ್ ಮಾಸೊನ್ ಮತ್ತು ರಿವೆರೊಸ್‌ಗೆ, ಅವರು ಹಾಜರಿಲ್ಲದೆಯೇ, ಜೀವಾವಧಿ ಶಿಕ್ಷೆಯಾಯಿತು. 2004ರಲ್ಲಿ ಕಲಾಮಾಯ್‌ಗೆ ಗೌರವ ಕೊಟ್ಟದ್ದು ಅರ್ಜೆಂಟೀನಾ.

ನಿವೃತ್ತಿಯ ನಂತರವೂ ಅವರು ಸುಮ್ಮನಾಗಲಿಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ಹೋಗುವ ವಲಸಿಗರೂ ಇಂದಿನ 'ಕಾಣೆಯಾದವರು' ಎಂದು ವಾದಿಸಿದರು, ಅವರಿಗೆ ನ್ಯಾಯ ಕೇಳುವ ಸಮಿತಿ ಕಟ್ಟಲು ನಿಂತರು. ಈ ಹೋಲಿಕೆ ಅತಿಯಾಯಿತು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 2017ರಲ್ಲಿ ಇಟಲಿ ಲಿಬಿಯಾದ ಜೊತೆ ಒಪ್ಪಂದ ಮಾಡಿಕೊಂಡು, ದೋಣಿಗಳನ್ನು ತಡೆದು ಹಿಂದಕ್ಕೆ ಒಯ್ಯುವ ಅಲ್ಲಿನ ಕಾವಲು ಪಡೆಗೆ ಹಣ, ನೆರವು ಕೊಡುತ್ತಾ ಬಂದಿದೆ. ಹಿಂದಕ್ಕೆ ಹೋದವರು ಬಂಧನ ಶಿಬಿರಗಳಲ್ಲಿ ಹಿಂಸೆ ಅನುಭವಿಸುವುದನ್ನು ವಿಶ್ವಸಂಸ್ಥೆಯೇ ವರದಿ ಮಾಡಿದೆ. ಮುಳುಗಿದವರಲ್ಲಿ ಎಷ್ಟೋ ಜನರ ಹೆಸರೂ ದಾಖಲಾಗುವುದಿಲ್ಲ, ಹೆಣವೂ ಸಿಗುವುದಿಲ್ಲ, ಊರಲ್ಲಿ ತಾಯಿ ಕಾಯುತ್ತಲೇ ಇರುತ್ತಾಳೆ. ಆ ಎರಡು ಬಾಗಿಲುಗಳನ್ನು ಕಂಡಿದ್ದ ಮನುಷ್ಯನಿಗೆ ಈ ಹೋಲಿಕೆ ಮಾಡುವ ಹಕ್ಕಿದೆ ಅಂತಲೇ ನಾನು ನಂಬುತ್ತೇನೆ.