ಹೊಲ ಹಿಡಿದು ಹೋದರೆ ಮುತ್ಯಾ ಸಿಗುತ್ತಾನೆ

“ನಮ್ಮ ಮನೆತನದ ಹಳೆ ದಾಖಲೆ ಹುಡುಕೋದು ಹೆಂಗ್ರೀ?” ಅಂತ ಯಾರಾದರೂ ಕೇಳಿದರೆ ನಾನು ಅವರ ಅಡ್ಡಹೆಸರು ಕೇಳುವುದಿಲ್ಲ. ಹೊಲ ಯಾವ ಊರಲ್ಲಿತ್ತು, ಸರ್ವೆ ನಂಬರ್ ಎಷ್ಟು ಅಂತ ಕೇಳುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ಅವರಿಗೆ ಬೇಕಿರುವುದು ಬೇರೆ ಸುದ್ದಿ. ಬಹಮನಿ ಕಾಲದಲ್ಲಿ ತಮ್ಮ ಹಿರಿಯರು ಏನಾಗಿದ್ದರು, ಕುದುರೆ ಇತ್ತಾ, ಕತ್ತಿ ಇತ್ತಾ. ಸರ್ವೆ ನಂಬರ್ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ.

ಆದರೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ಭಾಗದಲ್ಲಿ ಅಡ್ಡಹೆಸರು ಹಿಡಿದು ಹೊರಟವರು ಬಹಳ ದೂರ ಹೋಗಲಾರರು. ನಿಜಾಮರ ಕಾಲದ ಕಾಗದದಲ್ಲಿ ಸಾಮಾನ್ಯ ರೈತನಿಗೆ ಅಡ್ಡಹೆಸರೇ ಇರುವುದಿಲ್ಲ. “ಭೀಮಪ್ಪ ವಲದ್ ಶರಣಪ್ಪ, ಸಾಕಿನ್ ಮೌಜೆ ಇಂಥದ್ದು” ಅಂತ ಇರುತ್ತದೆ, ಅಷ್ಟೆ. ಶರಣಪ್ಪನ ಮಗ ಭೀಮಪ್ಪ, ಇಂಥ ಊರಿನವ. ಒಂದೊಂದು ಊರಲ್ಲಿ ಇಂಥ ಭೀಮಪ್ಪಗಳು ನಾಲ್ಕೈದು ಜನ. ಅಡ್ಡಹೆಸರು ಗಟ್ಟಿಯಾಗಿದ್ದು ಎಷ್ಟೋ ಮನೆಗಳಲ್ಲಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಮಾಸ್ತರು ಕೇಳಿದರು, ಅಪ್ಪ ಏನೋ ಹೇಳಿದ, ಅವರು ಬರೆದುಕೊಂಡರು. ನಮ್ಮಲ್ಲೇ ಒಬ್ಬ ಕಾಕಾನ ಮಕ್ಕಳಿಗೆ ಊರಿನ ಹೆಸರು, ಇನ್ನೊಬ್ಬ ಕಾಕಾನ ಮಕ್ಕಳಿಗೆ ಪಾಟೀಲ. ಆ ಮಾಸ್ತರರೇ ಎಲ್ಲರ ಹುಟ್ಟಿದ ದಿನವನ್ನೂ ಜೂನ್ 1 ಮಾಡಿಟ್ಟರು. ನಮ್ಮ ಮನೆಯ ಹಿರಿಯರೆಲ್ಲ ಒಂದೇ ದಿನ ಹುಟ್ಟಿದವರು!

ಇನ್ನು ಮಾಲಿಪಾಟೀಲ, ಪೊಲೀಸ್ ಪಾಟೀಲ, ವಾಲೀಕಾರ, ಕುಲಕರ್ಣಿ ಇವೆಲ್ಲ ಊರಿನ ಕೆಲಸದ ಹೆಸರು. ಕೆಲಸ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿದ್ದರೆ ಹೆಸರೂ ಹೋಗಿರುತ್ತದೆ.

ಊರು ಇದ್ದಲ್ಲೇ ಇದ್ದರೂ ಅದರ ವಿಳಾಸ ಮಾತ್ರ ಎಷ್ಟು ಸಲ ಬದಲಾಯಿತು ನೋಡಿ. ಈಗಿನ ಜೇವರ್ಗಿ ತಾಲೂಕು ಆಗ ಅಂದೋಲಾ ತಾಲೂಕು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಹೋಯಿತು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಆ ಕಡೆ ಆಂಧ್ರಕ್ಕೆ ಹೋದವು. ಬೀದರಿನ ಉದಗೀರ, ನಿಲಂಗಾ, ಅಹಮದ್‌ಪುರ ಈ ಕಡೆ ಮುಂಬಯಿ ರಾಜ್ಯಕ್ಕೆ. ಆಮೇಲೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2014ಕ್ಕೆ ಗುಲ್ಬರ್ಗಾ ಕಲಬುರಗಿಯಾಯಿತು. ನಿಮ್ಮ ಮುತ್ಯಾನ, ಅಂದರೆ ಅಜ್ಜನ, ತಾಯಿಯ ತವರು ತಾಂಡೂರು ಕಡೆಯಾದರೆ ನೀವು ಕಲಬುರಗಿಯಲ್ಲಿ ಎಷ್ಟು ತಡಕಾಡಿದರೂ ಏನೂ ಸಿಗಲಿಕ್ಕಿಲ್ಲ. ಇಷ್ಟೆಲ್ಲ ಆದರೂ ಹೊಲ ಮಾತ್ರ ಒಂದು ಗೇಣೂ ಸರಿದಿಲ್ಲ. ಪಾಲಾಗಿ ಹಿಸ್ಸಾ ಬಿದ್ದಿರಬಹುದು, ಮೂಲ ನಂಬರ್ ಸಾಮಾನ್ಯವಾಗಿ ಉಳಿದಿರುತ್ತದೆ.

ಹಾಗಾಗಿ ನನ್ನ ದಾರಿ ಸರಳ. ಇವತ್ತಿನ ಪಹಣಿ ತೆಗೆಯಿರಿ. ಅದರಿಂದ ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ) ಹಿಡಿದು ಹಿಂದೆ ಹೋಗಿ. 1954-55ರ ಖಾಸ್ರಾ ಪಹಣಿ ಸಿಕ್ಕರೆ ನಿಮ್ಮ ಅದೃಷ್ಟ. ಹೊಲ ಯಾರ ಹೆಸರಲ್ಲಿದೆ ಅನ್ನುವುದರ ಜೊತೆಗೆ ಯಾರ ಕಬ್ಜಾದಲ್ಲಿದೆ (ಸ್ವಾಧೀನದಲ್ಲಿದೆ) ಅನ್ನುವುದನ್ನೂ ಅದು ಹೇಳುತ್ತದೆ. ಅದಕ್ಕೂ ಹಿಂದೆ ಸೇತ್ವಾರ್. ಬಂದೋಬಸ್ತಿನಲ್ಲಿ, ಅಂದರೆ ಕಂದಾಯ ನಿಗದಿ ಮಾಡುವಾಗ, ಸರಕಾರ ಹೊಲ ಅಳೆದು, ಎಷ್ಟು ಎಕರೆ ಎಷ್ಟು ಗುಂಟೆ, ಎಷ್ಟು ಆಕಾರ (ಕಂದಾಯ) ಅಂತ ಕಟ್ಟಿ, ಪಟ್ಟೇದಾರನ ಹೆಸರು ಬರೆದ ಪುಸ್ತಕ. ಇನಾಮು (ಸರಕಾರ ಬಿಟ್ಟುಕೊಟ್ಟ ಹೊಲ) ಅಥವಾ ವತನ (ವಂಶಪಾರಂಪರ್ಯದ ಊರ ಕೆಲಸದ ಹಕ್ಕು) ಇದ್ದ ಮನೆಯಾದರೆ ಇನ್ನೂ ಒಂದು ದಾರಿ ಇದೆ. ಹಿರಿಯ ತೀರಿಕೊಂಡಾಗ ಅದು ಮಗನ ಹೆಸರಿಗೆ ಆಗಬೇಕಿದ್ದರೆ ವಿರಾಸತ್ (ವಾರಸುದಾರಿಕೆಯ) ವಿಚಾರಣೆ ಆಗಬೇಕಿತ್ತು. ಆ ಕಡತದಲ್ಲಿ ಶಜರಾ, ಅಂದರೆ ವಂಶವೃಕ್ಷ, ಇಟ್ಟಿರುತ್ತಾರೆ. ಹಳೆಯ ಕಾಗದದಲ್ಲಿ ಫಸಲಿ, ಅಂದರೆ ನಿಜಾಮರ ಕಂದಾಯದ ವರ್ಷ, ಇದ್ದರೆ ಹೆದರಬೇಡಿ, 590 ಕೂಡಿಸಿ. ಫಸಲಿ 1335 ಅಂದರೆ 1925ರ ಅಕ್ಟೋಬರ್‌ನಿಂದ ಮುಂದಿನ ಅಕ್ಟೋಬರ್‌ವರೆಗೆ. ತಿಂಗಳ ಹೆಸರು ಆಜುರ್, ದೈ, ಬಹಮನ್ ಅಂತ ಇದ್ದರೆ ಅದು ಫಸಲಿಯೇ. ಮೊಹರಂ, ಸಫರ್ ಅಂತ ಇದ್ದರೆ ಹಿಜರಿ. ಇವೆರಡನ್ನು ಕಲಸಿ ಮುತ್ಯಾನನ್ನು ಅವನ ಅಪ್ಪನಿಗಿಂತ ಮೊದಲೇ ಹುಟ್ಟಿಸಿದ ವಂಶಾವಳಿಗಳನ್ನೂ ನೋಡಿದ್ದೇನೆ.

ಕಷ್ಟ ಇರುವುದು ಓದುವುದರಲ್ಲಿ. 1880ರ ದಶಕದವರೆಗೆ ಸರಕಾರಿ ಕಾಗದ ಫಾರ್ಸಿ, ಆಮೇಲೆ ಉರ್ದು. ಬೀದರ, ಆಳಂದ ಕಡೆ ಕುಲಕರ್ಣಿಗಳ ದಫ್ತರದಲ್ಲಿ ಮರಾಠಿಯ ಹಳೆ ಮೋಡಿ ಅಕ್ಷರವೂ ಸಿಗುತ್ತದೆ. ಉರ್ದು ಬರುವ ಗೆಳೆಯನಿಗೆ ವಾಟ್ಸ್ಆ್ಯಪ್ ಮಾಡಿದರೆ ಆಯ್ತಲ್ಲ ಅಂತೀರಿ. ಆಗುವುದಿಲ್ಲ. ಅಚ್ಚಿನ ಉರ್ದು ಓದುವವರಿಗೆ ಶಿಕಸ್ತಾ ಬರಹ ಬರುವುದಿಲ್ಲ. ಗುಮಾಸ್ತ ಅವಸರದಲ್ಲಿ ಗೀಚಿ ಹೋಗಿರುತ್ತಾನೆ, ಅರ್ಧ ಅಕ್ಷರಕ್ಕೆ ಚುಕ್ಕಿಯೇ ಇರುವುದಿಲ್ಲ. ಅದನ್ನು ಓದುವವರು ಈಗ ಎಲ್ಲೋ ಕೆಲವರು. ನಮ್ಮ ಕಡೆ ಹಳೆ ತಲೆಮಾರಿನ ಲಿಂಗಾಯತರು, ಬ್ರಾಹ್ಮಣರು, ಕಬ್ಬಲಿಗರು ಎಲ್ಲರೂ ಶಾಲೆಯಲ್ಲಿ ಕಲಿತದ್ದು ಉರ್ದುವೇ. ಆದರೂ ಟ್ರಂಕಿನಲ್ಲಿ ಸಿಕ್ಕ ಕಾಗದವನ್ನು “ಯಾರೋ ಸಾಬರದ್ದು” ಅಂತ ಎತ್ತಿ ಬಚ್ಚಲ ಒಲೆಗೆ ಹಾಕಿದ ಮನೆಗಳಿವೆ. ಅವರು ಸುಟ್ಟಿದ್ದು ತಮ್ಮ ಮುತ್ಯಾನ ಸಹಿಯನ್ನು.

ನಮ್ಮ ಮನೆಯ ಕಾಗದವನ್ನು ಒಬ್ಬ ನಿವೃತ್ತ ಮಾಸ್ತರ ಹತ್ತಿರ ಒಯ್ದೆ. ವಯಸ್ಸು ತೊಂಬತ್ತರ ಹತ್ತಿರ, ಕಣ್ಣಿಗೆ ದಪ್ಪ ಕನ್ನಡಕ, ಜೊತೆಗೊಂದು ಭೂತಗನ್ನಡಿ. ಮುತ್ಯಾನ ಅಪ್ಪನ ಹೆಸರು ಬಂದಲ್ಲಿ ನಿಂತರು. ಕಾಗದ ತಿರುಗಿಸಿದರು, ಬಾಗಿಲ ಬೆಳಕಿಗೆ ಹಿಡಿದರು.

“ಚುಕ್ಕಿ ಮ್ಯಾಲಿದ್ರ ನಾಗಪ್ಪ, ಕೆಳಗಿದ್ರ ಬಾಗಪ್ಪ. ಇಲ್ಲಿ ಮ್ಯಾಲೂ ಒಂದದ, ಕೆಳಗೂ ಒಂದದ. ಒಂದು ಶಾಯಿ, ಒಂದು ನೊಣ ಕುಂತಿದ್ದು. ಯಾವುದು ಯಾವುದು ಅಂತ ನಂಗ ಹೇಳಾಕ ಬರಾಂಗಿಲ್ಲ ತಮ್ಮಾ.”

ಮನೆಯಲ್ಲಿ ಎಲ್ಲರೂ ನಾಗಪ್ಪನೇ ಅಂದರು. ಸಹಜ. ನಮ್ಮ ದೊಡ್ಡಪ್ಪನ ಹೆಸರು ನಾಗಪ್ಪ, ಹಿರಿಯರ ಹೆಸರು ಮೊಮ್ಮಕ್ಕಳಿಗೆ ಇಡುವುದು ರೂಢಿ. ಬಾಗಪ್ಪ ಅನ್ನುವ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಆದರೆ ಆ ಕಾಗದದಲ್ಲಿದ್ದ ಸರ್ವೆ ನಂಬರಿನ ಹೊಲ ಈಗ ನಮ್ಮದಲ್ಲ, ಯಾವಾಗಲೋ ಕೈಬಿಟ್ಟಿದೆ. ಅಲ್ಲಿಗೆ ಹೋದೆ. ಎರಿ ಹೊಲ, ತೊಗರಿ ನಿಂತಿತ್ತು. ಬದುವಿನ ಮೇಲೆ ಕುಳಿತಿದ್ದ ಹಿರಿಯರನ್ನು ಇದು ಯಾರ ಹೊಲ ಅಂತ ಕೇಳಿದೆ. ಈಗಿನ ಮಾಲೀಕನ ಹೆಸರು ಹೇಳಿ, ಹಂಗೇ ಮುಂದುವರಿದರು: “ಮಂದಿ ಬಾಗಪ್ಪನ ಪಟ್ಟಿ ಅಂತಾರ. ಬಾಗಪ್ಪ ಯಾರಂತ ಯಾರಿಗ್ಗೊತ್ತು?”

ನನಗೆ ಗೊತ್ತಿತ್ತು! ಆಮೇಲೆ ಅದೇ ನಂಬರಿನ ಒಂದು ರೆಹನ್‌ನಾಮಾ ಸಿಕ್ಕಿತು. ಹೊಲ ಒತ್ತೆ ಇಟ್ಟು ಸಾಲ ತೆಗೆದ ಪತ್ರ, ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಯಲ್ಲಿ. ಅದರಲ್ಲಿ ಚುಕ್ಕಿ ಸ್ಪಷ್ಟವಾಗಿ ಕೆಳಗಿದೆ. ಮನೆಯವರೆಲ್ಲ ಮರೆತ ಹೆಸರನ್ನು ಬೇರೆಯವರ ಹೊಲ ಇಟ್ಟುಕೊಂಡಿತ್ತು. ಅದಕ್ಕೇ ನಾನು ಹೊಲ ಹೊಲ ಅಂತ ಬಡಕೊಳ್ಳುವುದು.

ಹೆಳವರ ವಿಷಯ ಕೇಳುತ್ತೀರಿ. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ವಂಶ ಹೊಗಳಿ, ಕಾಳು ಬಟ್ಟೆ ತೆಗೆದುಕೊಂಡು ಹೋಗುವವರು. ಅವರ ಹತ್ತಿರ ಹೆಸರುಗಳ ಸಾಲು ಚೆನ್ನಾಗಿರುತ್ತದೆ, ಇಸವಿ ಇರುವುದಿಲ್ಲ. ಸೇತ್ವಾರಿನಲ್ಲಿ ಇಸವಿ ಇರುತ್ತದೆ, ಸಾಲು ಇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಗಳಿಕೆಯನ್ನು ಮಾತ್ರ ಅರ್ಧಕ್ಕೆ ಇಳಿಸಿಕೊಳ್ಳಿ. ಕಾಳು ಕೊಟ್ಟವರ ಮನೆಯಲ್ಲಿ ಹೇಡಿಗಳು ಹುಟ್ಟಿರುವುದಿಲ್ಲ.

ಹೆಣ್ಣುಮಕ್ಕಳನ್ನು ಹುಡುಕುವುದು ಬೇರೆಯೇ ಪಾಡು. ಮದುವೆಯಲ್ಲಿ ಹೆಸರು ಬದಲಾಯಿಸುವ ಮನೆಗಳಲ್ಲಿ ತವರಿನ ಹೆಸರು ಒಂದು, ಗಂಡನ ಮನೆ ಹೆಸರು ಇನ್ನೊಂದು. ಹಳೆಯ ಕಂದಾಯ ಕಾಗದದಲ್ಲಿ ಹೆಣ್ಣು ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡ ಸತ್ತ ಮೇಲೆ, ‘ಬೇವಾ’ (ವಿಧವೆ) ಅನ್ನುವ ಗುರುತಿನ ಜೊತೆ. ನಮ್ಮ ಮುತ್ಯಾನ ತಾಯಿ ಹಾಗೇ ಸಿಕ್ಕಿದ್ದು. ಮನೆಯಲ್ಲಿ ಅವಳ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು, ರೊಟ್ಟಿ ಚಲೋ ಬಡಿತಿದ್ದಳು ಅಂತ. ಕಾಗದ ಬೇರೆಯೇ ಹೇಳುತ್ತದೆ. ಗಂಡ ಹೋದಾಗ ಮಕ್ಕಳು ನಾಬಾಲಿಗರು, ಇನ್ನೂ ವಯಸ್ಸಿಗೆ ಬಂದಿರಲಿಲ್ಲ. ಹೊಲ ಅವಳ ಹೆಸರಿಗೆ ಬಂತು. ಒಂದು ತುಂಡು ಮಾರಿ, ಉಳಿದದ್ದನ್ನು ಮಕ್ಕಳು ದೊಡ್ಡವರಾಗುವವರೆಗೆ ಹಿಡಿದುಕೊಂಡಳು. ಬೈನಾಮಾದ (ಮಾರಾಟ ಪತ್ರದ) ಕೆಳಗೆ ಅವಳ ಹೆಬ್ಬೆಟ್ಟು ಇದೆ. ಅಷ್ಟು ಮಾಡಿದವಳ ಬಗ್ಗೆ ಮನೆಯಲ್ಲಿ ಉಳಿದದ್ದು ರೊಟ್ಟಿ!

ಇನ್ನೊಂದು ಸುಳಿವು: ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಹೊಲ. ವಂಶಾವಳಿಯಲ್ಲಿ ಇಲ್ಲದ ಮಗಳು ಆ ಹೊಲದ ಕಾಗದದಲ್ಲಿ ಇರುತ್ತಾಳೆ.

ಇಲ್ಲಿ ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಇವತ್ತು ಪೌತಿ ಖಾತೆಗೆ (ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು) ಅಂತ ವಂಶವೃಕ್ಷ ಬರೆಸುವಾಗಲೂ ಹೆಣ್ಣುಮಕ್ಕಳನ್ನು ಬಿಡುವವರು ಇದ್ದಾರೆ. “ಮದುವೆ ಆಗಿ ಹೋದವರು ಯಾಕ್ರೀ” ಅಂತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಹುಟ್ಟಿನಿಂದಲೇ ಸಮಪಾಲು. ಕಾನೂನು ಬಿಡಿ, ನೀವು ಬರೆಸುತ್ತಿರುವುದೇ ನಾಳಿನ ಹಳೆ ದಾಖಲೆ. ನಿಜಾಮರ ಗುಮಾಸ್ತನಾದರೂ ವಿಧವೆಯ ಹೆಸರು ಬರೆದಿದ್ದ. ನೀವು ಬದುಕಿರುವ ತಂಗಿಯ ಹೆಸರೇ ತೆಗೆಯುತ್ತಿದ್ದೀರಿ.

ಗೆಳೆಯನೊಬ್ಬ ನನ್ನ ಹೊಲದ ಪುರಾಣ ಕೇಳಿ ನಕ್ಕ. “ಅಣ್ಣಾ, ನಮಗ ಹೊಲಾನೇ ಇರಲಿಲ್ಲಲ್ಲೋ. ನಿಮ್ಮ ಹೊಲದಾಗ ನಮ್ಮ ಮುತ್ಯಾ ದುಡಿತಿದ್ದ.” ಸರಿಯಾದ ಮಾತು. ಈ ದಾಖಲೆಗಳು ಹುಟ್ಟಿದ್ದು ತೆರಿಗೆ ವಸೂಲಿಗೆ. ತೆರಿಗೆ ಕಟ್ಟದವನು ಸರಕಾರದ ಲೆಕ್ಕಕ್ಕೇ ಇರಲಿಲ್ಲ. ಆದರೂ ಅವನಿಗೂ ನಾನು ಹೇಳಿದ್ದು, ಯಾರ ಹೊಲ ಅಂತ ಮೊದಲು ಹುಡುಕು. ಖಾಸ್ರಾ ಪಹಣಿಯ ಕಬ್ಜಾ ಕಾಲಂ ನೋಡು. 1950ರ ಹೈದರಾಬಾದ್ ಗೇಣಿ ಕಾಯ್ದೆಯಲ್ಲಿ ರಕ್ಷಿತ ಗೇಣಿದಾರರ ಪಟ್ಟಿ ಆಯಿತು, ಅದನ್ನು ನೋಡು. ಊರ ಚಾಕರಿಗೆ ಬಿಟ್ಟ ಇನಾಮು ಹೊಲ ಇದ್ದರೆ ಅಲ್ಲಿ ಅವರ ಹೆಸರು ಇರಲೇಬೇಕು. ಹೊಲದ ದಾರಿ ಮುಗಿದರೆ ಕೆಲಸದ ದಾರಿ ಇದೆ. ಕಲಬುರಗಿಯ ಎಂ.ಎಸ್.ಕೆ. ಮಿಲ್, ಶಹಾಬಾದಿನ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಬೀದರ ಕಡೆ ಮೆಥೋಡಿಸ್ಟ್ ಚರ್ಚ್ ಸೇರಿದ ಮನೆಯಾದರೆ ದೀಕ್ಷಾಸ್ನಾನದ ಪುಸ್ತಕ. ಸಿಗುವುದು ಕಡಿಮೆ, ನಿಜ. ನನ್ನ ಮುತ್ಯಾನಿಗೆ ಸಿಕ್ಕಷ್ಟು ಕಾಗದ ಅವನ ಮುತ್ಯಾನಿಗೆ ಸಿಕ್ಕಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ಫಸಲಿ 1357ರ ಸುತ್ತಮುತ್ತ ದಾಖಲೆ ತುಂಡಾಗಿದ್ದರೆ ಗುಮಾಸ್ತನನ್ನು ಬೈಯಬೇಡಿ. ಅದು 1947-48. ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಾವಳಿಗೆ ಎಷ್ಟೋ ಮನೆಗಳು ಸೊಲ್ಲಾಪುರ ಕಡೆ ಓಡಿದ್ದವು. ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ನಮ್ಮ ಕಡೆ ಎಲ್ಲರಿಗೂ ಗೊತ್ತು. ಭಾರತದ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಇದೇ ಜಿಲ್ಲೆಗಳಲ್ಲಿ ಮುಸ್ಲಿಂ ಮನೆಗಳು ಖಾಲಿಯಾದವು. ಯಾವ ಮನೆಯ ಸಾಲು ಎಲ್ಲಿ ಕಡಿಯಿತು, ಯಾರ ಹೊಲಕ್ಕೆ ಯಾರ ಹೆಸರು ಬಂತು ಅಂತ ನೋಡುವಾಗ ಎರಡನ್ನೂ ನೋಡುವ ಧೈರ್ಯ ಇರಬೇಕು.

ಇಷ್ಟೆಲ್ಲ ಮಾಡುವಾಗ ನಿಮಗೆ ಸಿಗುವ ದೊಡ್ಡ ಅಡ್ಡಿ ಕಚೇರಿ ಅಂದುಕೊಂಡಿರುತ್ತೀರಿ. ಅಲ್ಲ, ಬಂಧುಗಳು. ಹಳೆ ಪಹಣಿ ಕೇಳಿದ ಕೂಡಲೇ ಊರಲ್ಲಿ ಸುದ್ದಿ: “ಪಾಲು ಕೇಳಾಕ ಬಂದಾನ.” ಕಾಕಾ ಚಹಾ ಕೊಡುವುದನ್ನೇ ಬಿಟ್ಟರು. ಮೊದಲು ಹಿರಿಯರ ಮುಂದೆ ಕೂತು ಯಾಕೆ ಬೇಕು ಅಂತ ಹೇಳಿ, ಆಮೇಲೆ ಅರ್ಜಿ ಹಾಕಿ. ಕಚೇರಿಯಲ್ಲೂ ಕಾಡಿಸುತ್ತಾರೆ. ಒಂದು ಕಡೆ ನನಗೆ “ಕಡತ ಲಭ್ಯವಿಲ್ಲ” ಅಂತ ಹಿಂಬರಹ ಕೊಟ್ಟರು, ಆ ಪುಸ್ತಕ ಅವರ ಹಿಂದಿನ ರ‍್ಯಾಕಿನಲ್ಲೇ ಕಾಣುತ್ತಿತ್ತು! ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯದೇ. ಆದರೆ ಸ್ಕ್ಯಾನ್ ಆದ ಶಿಕಸ್ತಾವನ್ನೂ ಯಾರಾದರೂ ಓದಬೇಕಲ್ವಾ? 371ಜೆ ಪ್ರಮಾಣಪತ್ರಕ್ಕೆ (ನಮ್ಮ ಭಾಗದವರಿಗೆ ಸಂವಿಧಾನದಡಿ ಇರುವ ಮೀಸಲಾತಿಗೆ) ಅಂತ ಮಕ್ಕಳು ಮುತ್ಯಾನ ಕಾಗದ ಹುಡುಕುವ ಈ ಊರುಗಳಲ್ಲಿ, ನಮ್ಮ ವಿಶ್ವವಿದ್ಯಾಲಯಗಳು ಶಿಕಸ್ತಾ ಮತ್ತು ಮೋಡಿ ಓದುವುದನ್ನು ಕಲಿಸಲಿ. ಓದಬಲ್ಲ ಹಿರಿಯರು ಇರುವಾಗಲೇ ಕಲಿಸಲಿ.

ಅಲ್ಲಿಯವರೆಗೆ ನಿಮ್ಮ ಟ್ರಂಕಿನ ಕಾಗದ ನಿಮ್ಮ ಜವಾಬ್ದಾರಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಳಗೇ ಹಾಳಾಗುತ್ತದೆ. ಹರಿದಲ್ಲಿ ಟೇಪ್ ಹಚ್ಚಬೇಡಿ. ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಹಿಂಬದಿಯದ್ದೂ ತೆಗೆಯಿರಿ. ಸಾಲ ಎಷ್ಟು ತೀರಿತು ಅಂತ ಬರೆಯುತ್ತಿದ್ದುದು ಹಿಂಬದಿಗೇ. ಬಾಗಪ್ಪನ ರೆಹನ್‌ನಾಮಾದ ಹಿಂದೆ ಎರಡು ಸಾಲು ಜಮಾ ಇದೆ, ಮೂರನೆಯದು ಇಲ್ಲ. ಆ ಹೊಲ ನಮ್ಮ ಕೈಬಿಟ್ಟದ್ದು ಹೇಗೆ ಅಂತ ನಮ್ಮ ಕಾಕಾ ಹೇಳುವ ಕತೆಯೇ ಬೇರೆ.