ಸೀಟು ಸಿಕ್ಕಿತು, ಏಳುವುದಾಗಲಿಲ್ಲ

ಕಾರಿನ ಸೀಟಿಗೆ ಕಾಲಿಲ್ಲ. ಇಷ್ಟು ಸರಳವಾದ ಸಂಗತಿ ಗುಜರಿ ಅಂಗಳದಲ್ಲಿ ನಿಂತಾಗ ಯಾರಿಗೂ ಹೊಳೆಯುವುದಿಲ್ಲ. ಮೂತಿ ಜಜ್ಜಿಹೋದ ಕಾರಿನೊಳಗೆ ಎರಡು ಸೀಟುಗಳು ತಮಗೂ ಅಪಘಾತಕ್ಕೂ ಸಂಬಂಧವೇ ಇಲ್ಲವೆಂಬಂತೆ ಕುಳಿತಿರುತ್ತವೆ. ಚರ್ಮದ ಹೊದಿಕೆ, ತಲೆಗೆ ಒರಗು, ಸೊಂಟಕ್ಕೆ ಆಸರೆ, ಬೆನ್ನನ್ನು ಬೇಕಾದಷ್ಟು ವಾಲಿಸುವ ಸೌಕರ್ಯ. ಗ್ಯಾರೇಜಿನ ಮೂಲೆಯಲ್ಲಿ ಇವೆರಡನ್ನು ಜೋಡಿಸಿ ಕಾಲು ಚಾಚಿ ಕುಳಿತ ಚಿತ್ರ ಕಣ್ಣ ಮುಂದೆ ಬರುತ್ತದೆ. ಆ ಚಿತ್ರದಲ್ಲಿ ಸೀಟು ಯಾವುದರ ಮೇಲೆ ನಿಂತಿದೆ ಎಂಬುದು ಮಾತ್ರ ಕಾಣಿಸುವುದಿಲ್ಲ.

ಬಿಚ್ಚುವುದೇ ಒಂದು ಪ್ರಹಸನ. ಸೀಟನ್ನು ಕಾರಿನ ನೆಲಕ್ಕೆ ಹಿಡಿದಿಡುವುದು ಸಾಮಾನ್ಯವಾಗಿ ನಾಲ್ಕು ಬೋಲ್ಟು. ಮುಂದಿನವು ಕೈಗೆ ಸಿಗಬೇಕಾದರೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು, ಹಿಂದಿನವು ಸಿಗಬೇಕಾದರೆ ಪೂರ್ತಿ ಮುಂದಕ್ಕೆ. ನಾನು ಮೆಚ್ಚಿದ್ದು ಗುಂಡಿ ಒತ್ತಿದರೆ ಮೋಟಾರಿನಿಂದ ಸರಿಯುವ ಸೀಟು. ಮೋಟಾರಿಗೆ ಬ್ಯಾಟರಿ ಬೇಕು. ಗುಜರಿಗೆ ಬಂದ ಕಾರಿನಿಂದ ಮೊಟ್ಟಮೊದಲು ಮಾಯವಾಗುವುದೇ ಬ್ಯಾಟರಿ. ಅಂಗಳದ ಹುಡುಗ ಎಲ್ಲಿಂದಲೋ ಒಂದನ್ನು ಹೊತ್ತು ತಂದು ತಂತಿ ಮುಟ್ಟಿಸಿದ. ಸೀಟು ಗುರ್ರೆಂದು ಹಿಂದಕ್ಕೆ ಹೋಯಿತು. ಬೋಲ್ಟಿನ ತಲೆ ನೋಡಿದರೆ ನಕ್ಷತ್ರದಾಕಾರದ ಟಾರ್ಕ್ಸ್ ಗುಂಡಿ; ನನ್ನ ಸ್ಪ್ಯಾನರುಗಳೆಲ್ಲ ಷಟ್ಕೋನದ ಕಾಲದವು. ಅದಕ್ಕೆ ತಕ್ಕ ಬಿಟ್ಟನ್ನೂ ಆ ಹುಡುಗನೇ ಕೊಟ್ಟ, ಕೊಡುವಾಗ ನಕ್ಕ. ಮೂರು ಬೋಲ್ಟುಗಳು ಬಂದವು. ನಾಲ್ಕನೆಯದು ಬರಲಿಲ್ಲ. ನಾಲ್ಕನೆಯದು ಎಂದೂ ಬರುವುದಿಲ್ಲ, ಅದು ಬೋಲ್ಟುಗಳ ಕುಲಧರ್ಮ. ಉದ್ದನೆಯ ಕೊಳವೆಯನ್ನು ಹಿಡಿಗೆ ಸಿಕ್ಕಿಸಿ ಇಬ್ಬರೂ ಜೋತುಬಿದ್ದ ಮೇಲೆ ಅದು ಗುಂಡು ಹಾರಿದಷ್ಟು ಸದ್ದು ಮಾಡಿ ಸಡಿಲವಾಯಿತು.

ಸೀಟು ಎತ್ತಿದಾಗ ಅದರ ಕೆಳಗೆ ಇನ್ನೊಬ್ಬರ ಸಂಸಾರ ಬಯಲಾಯಿತು. ಪೆನ್ನಿನ ಮುಚ್ಚಳಗಳು, ಒಂದು ಕಿವಿಯೋಲೆ, ಕೂದಲಿನ ಕ್ಲಿಪ್ಪು, ಕಣ್ಣಿಲ್ಲದ ಗೊಂಬೆಯ ತಲೆ. ಆ ಕಿವಿಯೋಲೆಗಾಗಿ ಯಾವ ಮನೆಯಲ್ಲಿ ಎಷ್ಟು ದೊಡ್ಡ ಜಗಳವಾಗಿತ್ತೋ! ಹೊದಿಕೆಯೂ ಕಥೆ ಹೇಳುತ್ತದೆ. ಚಾಲಕನ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬು ಸವೆದು ಚರ್ಮ ಬಿರುಕು ಬಿಟ್ಟಿತ್ತು. ಹತ್ತುವಾಗ ಇಳಿಯುವಾಗಲೆಲ್ಲ ಮೈ ಉಜ್ಜುವುದು ಅಲ್ಲಿಯೇ. ಪಕ್ಕದ ಸೀಟು ಮಾತ್ರ ಹೊಸದರಂತಿತ್ತು. ಆ ಮಾಲೀಕ ಹೆಚ್ಚಾಗಿ ಒಬ್ಬನೇ ಓಡಾಡುತ್ತಿದ್ದನೆಂದು ಕಾಣುತ್ತದೆ. ಹಾಗಾದರೆ ಕಿವಿಯೋಲೆ ಯಾರದು ಎಂದು ಹೆಂಡತಿ ಕೇಳಿದಳು. ನಾನು ಆ ಮಾತನ್ನು ಮುಂದುವರಿಸಲಿಲ್ಲ.

ಮನೆಗೆ ಬಂದ ಮೇಲೆ ಸೀಟಿನ ಅಡಿಯಲ್ಲಿ ತಂತಿಗಳ ಜಟೆ ಕಂಡಿತು, ಅದರ ನಡುವೆ ಒಂದು ಹಳದಿ ಕನೆಕ್ಟರ್. ಇದೊಂದು ವಿಷಯದಲ್ಲಿ ನಗು ಬದಿಗಿಟ್ಟು ಹೇಳಬೇಕು. ಹಳದಿ ಎಂದರೆ ಏರ್‌ಬ್ಯಾಗಿನ ತಂತಿ. ಈಚಿನ ಕಾರುಗಳಲ್ಲಿ ಸೀಟಿನ ಬೆನ್ನಿನ ಪಕ್ಕದ ಹೊಲಿಗೆಯೊಳಗೇ ಒಂದು ಏರ್‌ಬ್ಯಾಗ್ ಮಡಚಿ ಕುಳಿತಿರುತ್ತದೆ. ಅದನ್ನು ಉಬ್ಬಿಸಲು ಸ್ಫೋಟಕ ಮದ್ದೂ ಜೊತೆಗಿರಬಹುದು. ಕಿಡಿ ತಗಲಿದರೆ ರೆಪ್ಪೆ ಮುಚ್ಚುವಷ್ಟರೊಳಗೆ ಹೊಲಿಗೆ ಹರಿದುಕೊಂಡು ಹೊರಬರುತ್ತದೆ. ಕಾರಿನಿಂದ ಸೀಟು ಬಿಚ್ಚುವ ಮೊದಲು ಬ್ಯಾಟರಿ ತೆಗೆದು ಕೆಲವು ನಿಮಿಷ ಕಾಯಬೇಕೆನ್ನುವುದು ಇದಕ್ಕಾಗಿ. ಪಕ್ಕದ ಮನೆಯ ಗೆಳೆಯನಿಗೆ ಇದನ್ನೆಲ್ಲ ವಿವರಿಸಿದಾಗ ಅವನ ಕಣ್ಣು ಹೊಳೆಯಿತು. "ತಂತಿ ಮುಟ್ಟಿಸಿ ನೋಡೋಣವೇ?" ಎಂದ. ಸೀಟನ್ನು ಅವನ ಕೈಗೆ ಸಿಗದಂತೆ ಬೀಗ ಹಾಕಿ ಇಟ್ಟು, ಕೆಲಸ ಬಲ್ಲ ಮೆಕ್ಯಾನಿಕ್ಕನನ್ನು ಕರೆಸಿ ಏರ್‌ಬ್ಯಾಗನ್ನು ತೆಗೆಸಿದೆ. ಗೆಳೆಯ ಈಗಲೂ ಆ ದಿನವನ್ನು ಕೈತಪ್ಪಿದ ಅವಕಾಶವೆಂದೇ ಹೇಳಿಕೊಳ್ಳುತ್ತಾನೆ.

ಇನ್ನು ಕಾಲಿನ ಪ್ರಶ್ನೆ. ಕಾರಿನ ನೆಲ ಸಮತಟ್ಟಲ್ಲ. ಅದರ ಏರುತಗ್ಗಿಗೆ ತಕ್ಕಂತೆ ಸೀಟಿನ ಹಳಿಗಳನ್ನು ಮಾಡಿರುತ್ತಾರೆ, ನಾಲ್ಕು ತುದಿಗಳು ನಾಲ್ಕು ಎತ್ತರದಲ್ಲಿರಬಹುದು. ಗ್ಯಾರೇಜಿನ ನೆಲಕ್ಕಿಟ್ಟರೆ ಸೀಟು ಒಂದು ಭುಜ ಇಳಿಬಿಟ್ಟು ನಮ್ಮನ್ನೇ ಅನುಮಾನದಿಂದ ನೋಡುತ್ತದೆ. ಕಬ್ಬಿಣದ ಚೌಕಟ್ಟು ಮಾಡೋಣವೆಂದು ವೆಲ್ಡಿಂಗಿನವರನ್ನು ಕರೆದರೆ, ಅವರು ಹಳಿಯಿಂದ ಸೀಟನ್ನು ಬಿಚ್ಚುವುದೇಕೆ, ಹಾಗೆಯೇ ಇಟ್ಟು ಬೆಸೆದುಬಿಡುತ್ತೇನೆ ಎಂದರು. ಸೀಟಿನೊಳಗಿರುವುದು ಪಾಲಿಯುರೆಥೇನ್ ಫೋಮ್, ಕಿಡಿ ಬಿದ್ದರೆ ಉರಿಯುವಂಥದ್ದು. ಕಾರಿನ ಒಳಗಿನ ಹೊದಿಕೆಗಳು ನಿಮಿಷಕ್ಕೆ 102 ಮಿಲಿಮೀಟರಿಗಿಂತ ಬೇಗ ಉರಿಯಬಾರದು ಎಂಬ ನಿಯಮ ಅಮೆರಿಕದಲ್ಲಿ 1972ರಿಂದ ಇದೆ. ಅದನ್ನು ಅವರಿಗೆ ಹೇಳಿದೆ. "ಹಾಗಾದರೆ ಉರಿಯುವುದಿಲ್ಲ ಎಂದಾಯಿತಲ್ಲ" ಎಂದರು. ಉರಿಯುತ್ತದೆ ಸ್ವಾಮಿ, ಶಿಸ್ತಾಗಿ ಉರಿಯುತ್ತದೆ, ಅಷ್ಟೇ. ಕಡೆಗೆ ಮರದ ತೊಲೆಗಳೇ ಗತಿಯಾದವು. ಕಿಡಿಯಿಲ್ಲ, ಎತ್ತರದ ವ್ಯತ್ಯಾಸಕ್ಕೆ ಅಲ್ಲಲ್ಲಿ ಚಕ್ಕೆ ಕೊಟ್ಟರಾಯಿತು.

ಉದ್ಘಾಟನೆಗೆ ಮಾವನವರು ಬಂದರು. ಕುಳಿತರು, ಗಂಭೀರವಾಗಿ ತಲೆಯಾಡಿಸಿದರು, ಬೆನ್ನು ವಾಲಿಸುವ ಹಿಡಿಯನ್ನು ಎಳೆದರು. ಮರುಕ್ಷಣ ಬೆನ್ನ ಮೇಲೆ ಬಿದ್ದ ಆಮೆಯಂತೆ ಕೈಕಾಲು ಮೇಲಕ್ಕೆ ಮಾಡಿ ಗ್ಯಾರೇಜಿನ ಸೂರನ್ನು ನೋಡುತ್ತಿದ್ದರು. ಕಾರಿನಲ್ಲಿ ಸೀಟನ್ನು ಬೋಲ್ಟುಗಳು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆಂದರೆ ನಾವು ಎಷ್ಟು ವಾಲಿದರೂ ಅದಕ್ಕೆ ಪರಿವೆ ಇರುವುದಿಲ್ಲ. ಬಿಡಿಯಾಗಿ ನಿಂತಾಗ ಹಾಗಲ್ಲ. ಬೆನ್ನು ಹಿಂದಕ್ಕೆ ಹೋದಂತೆ ಭಾರವೂ ಹಿಂದಕ್ಕೆ ಹೋಗುತ್ತದೆ, ಭಾರ ಪೀಠದ ಅಂಚನ್ನು ದಾಟಿತೋ, ಮಾವನವರೂ ದಾಟಿದರು. ಅವರ ಪುಣ್ಯ, ತಲೆಯ ಒರಗು ಮೊದಲು ನೆಲ ಮುಟ್ಟಿತು. ಪೀಠದ ಹಿಂಭಾಗವನ್ನು ಒಂದು ಗೇಣಿಗಿಂತ ಹೆಚ್ಚು ಬೆಳೆಸಿದ ಮೇಲೆ ಆ ಚಾಳಿ ನಿಂತಿತು.

ಭಾರವಾದ ಸೀಟನ್ನು ಅತ್ತಿತ್ತ ಸರಿಸಲು ಅಡಿಗೆ ಚಕ್ರ ಹಾಕುವ ಸಲಹೆ ಗೆಳೆಯನದು. ಗ್ಯಾರೇಜಿನ ನೆಲವನ್ನು ತೊಳೆದ ನೀರು ಹೊರಹೋಗಲೆಂದು ಬಾಗಿಲ ಕಡೆಗೆ ತುಸು ಇಳಿಜಾರಾಗಿ ಮಾಡಿರುತ್ತಾರೆ. ನಡೆಯುವಾಗ ಅದು ಗೊತ್ತೇ ಆಗುವುದಿಲ್ಲ, ಚಕ್ರಕ್ಕೆ ಗೊತ್ತಾಗುತ್ತದೆ. ಮಾವನವರು ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದರು. ನಾನು ಬೆನ್ನು ಮಾಡಿ ಡಬ್ಬಗಳನ್ನು ಜೋಡಿಸುತ್ತಿದ್ದೆ. ಹಿಂದಿನಿಂದ ಅವರ ಧ್ವನಿ ಮೆಲ್ಲಮೆಲ್ಲನೆ ದೂರವಾಗುತ್ತ ಕೇಳಿಸಿತು: "ಅಳಿಯಂದಿರೇ, ಇದು ಎಲ್ಲಿಗೆ ಹೊರಟಿದೆ?" ತಿರುಗಿ ನೋಡುವಷ್ಟರಲ್ಲಿ ಅವರು ಪತ್ರಿಕೆಯ ಸಮೇತ ಅಂಗಳ ತಲುಪಿದ್ದರು. ಅದಾದ ಮೇಲೆ ಬೀಗವಿರುವ ಚಕ್ರಗಳು ಬಂದವು.

ಗುಜರಿಯ ಸೀಟು ಮನೆಗೇಕೆ ಎಂಬ ಹೆಂಡತಿಯ ಆಕ್ಷೇಪಣೆಗೆ ಉತ್ತರ ಕೊಡಲು ನಾನು ಇತಿಹಾಸದ ಮೊರೆಹೋದೆ. ಇಟಲಿಯ ವಿನ್ಯಾಸಕಾರರಾದ ಕಾಸ್ಟಿಗ್ಲಿಯೋನಿ ಸಹೋದರರು 1957ರಲ್ಲಿಯೇ ಟ್ರ್ಯಾಕ್ಟರಿನ ಸೀಟಿನಿಂದ ಮೆಜ್ಜಾಡ್ರೋ ಎಂಬ ಪೀಠ ಮಾಡಿದ್ದರು. 1981ರಲ್ಲಿ ರಾನ್ ಅರಾದ್ ಎಂಬ ವಿನ್ಯಾಸಕಾರ ಲಂಡನ್ನಿನಲ್ಲಿ ಗುಜರಿಯ ರೋವರ್ ಕಾರಿನ ಸೀಟನ್ನು ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಕೂರಿಸಿದ, ಆ ರೋವರ್ ಕುರ್ಚಿ ಇಂದು ಸಂಗ್ರಹಾಲಯ ಸೇರಿದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. "ಇದನ್ನೂ ಅಲ್ಲಿಗೇ ಕೊಟ್ಟುಬಿಡಿ. ಸಂಗ್ರಹಾಲಯದಲ್ಲಿ ಕುರ್ಚಿಯ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ, ಬೀಳುವ ಭಯವಿಲ್ಲ" ಎಂದಳು.

ಹಿಂದಿನ ಸೀಟನ್ನೂ ಸೋಫಾ ಮಾಡುವ ಆಸೆ ಇದ್ದವರಿಗೆ ಒಂದು ಮಾತು: ಅನೇಕ ಕಾರುಗಳಲ್ಲಿ ಅದಕ್ಕೆ ಗಟ್ಟಿ ಎಲುಬೇ ಇಲ್ಲ. ದಪ್ಪ ತಂತಿಯ ಚೌಕಟ್ಟು, ಮೇಲೊಂದು ಫೋಮ್. ಉಳಿದ ಬಲವೆಲ್ಲ ಕಾರಿನ ಮೈಯದು. ಹೊರತೆಗೆದರೆ ಹಾಸಿಗೆಯಂತೆ ಬಳುಕುತ್ತದೆ. ಬಿಟ್ಟುಬಿಡಿ.

ಒಪ್ಪಬೇಕಾದದ್ದು ಏನೆಂದರೆ, ನಿಂತ ಮೇಲೆ ಸೀಟು ಸುಖವಾಗಿಯೇ ಇದೆ. ಆದರೆ ತಾನು ಕಾರನ್ನು ಬಿಟ್ಟು ಬಂದಿದ್ದೇನೆಂದು ಅದು ಇನ್ನೂ ನಂಬಿಲ್ಲ, ಕುಳಿತವರಿಗೂ ನಂಬಲು ಬಿಡುವುದಿಲ್ಲ. ತೊಡೆಯ ಎರಡೂ ಬದಿಯ ಉಬ್ಬುಗಳು ತಿರುವಿನಲ್ಲಿ ಜಾರದಂತೆ ಹಿಡಿಯುವುದಕ್ಕೆ ಇರುವವು, ಇಲ್ಲಿ ಏಳದಂತೆ ಹಿಡಿಯುತ್ತವೆ. ಕುಳಿತವರೆಲ್ಲರ ಕೈ ತಾನಾಗಿ ಭುಜದ ಹಿಂದೆ ಹೋಗಿ ಪಟ್ಟಿಯನ್ನು ಹುಡುಕುತ್ತದೆ. ವೋಲ್ವೋ ಕಾರು ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಬಿಂದುಗಳ ಸೀಟ್ ಬೆಲ್ಟನ್ನು ತಂದ, ಅದರ ಬಕಲ್ ಮಾತ್ರ ಸೀಟಿನ ಜೊತೆ ನಮ್ಮ ಮನೆಗೆ ಬಂದಿದೆ, ಪಟ್ಟಿ ಕಾರಿನ ಕಂಬದಲ್ಲೇ ಉಳಿದಿದೆ. ಎರಡು ಸೀಟುಗಳನ್ನು ಎದುರುಬದುರಾಗಿ ಇಟ್ಟು ನೋಡಿದೆವು. ಕುಳಿತವರು ಮಾತೇ ಆಡಲಿಲ್ಲ, ವಿಚಾರಣೆಗೆ ಬಂದವರಂತೆ ಮುಖ ನೋಡಿಕೊಂಡರು. ಪಕ್ಕಪಕ್ಕ, ಬಾಗಿಲಿಗೆ ಮುಖವಾಗಿ ಇಟ್ಟ ಕೂಡಲೇ ಮಾವನವರಿಗೂ ಗೆಳೆಯನಿಗೂ ದೂರಪ್ರಯಾಣದ ಹರಟೆ ಹತ್ತಿತು.

ಈಗ ಸಂಜೆ ನಾನು ಕಾರನ್ನು ಒಳಗೆ ತರುವ ಹೊತ್ತಿಗೆ ಅವರಿಬ್ಬರೂ ದೀಪದ ಬೆಳಕಿನಲ್ಲಿ ನನಗೆದುರಾಗಿ ಕುಳಿತಿರುತ್ತಾರೆ. ಏಳಿ ಎಂದರೆ ಏಳುವುದಿಲ್ಲ. ಏಳುವುದು ಅಷ್ಟು ಸುಲಭವೂ ಅಲ್ಲ. ಗೆಳೆಯ ಎಡಕ್ಕೆ, ಬಲಕ್ಕೆ ಎಂದು ಕೈಸನ್ನೆ ಮಾಡುತ್ತಾನೆ. ಮಾವನವರು ಬಲಗಾಲನ್ನು ನೆಲಕ್ಕೆ ಬಲವಾಗಿ ಒತ್ತಿ ಹಿಡಿದು, ಕಾರು ನಿಂತ ಮೇಲೆ, "ನೋಡಿದಿರಾ, ನಾನು ಬ್ರೇಕು ಹಾಕದಿದ್ದರೆ ಗೋಡೆಗೆ ಹೊಡೆಯುತ್ತಿದ್ದಿರಿ" ಎನ್ನುತ್ತಾರೆ.